7 ವರ್ಷದಲ್ಲಿ 24,000 ಕಿ.ಮೀ. ಮಾತ್ರ ಓಡಿದ ಕಾರು: ಕಣ್ಣುಮುಚ್ಚಿ ಕೊಳ್ಳಬಹುದೇ?

ಪ್ರಶ್ನೆ

ನಾನು ಮೊದಲ ಬಾರಿಗೆ ಕಾರು ಕೊಳ್ಳುತ್ತಿದ್ದೇನೆ. ಹೊಸ ಕಾರು ಸದ್ಯಕ್ಕೆ ಕೈಗೆಟಕುವಂತಿಲ್ಲ, ಆದ್ದರಿಂದ ಎರಡು ತಿಂಗಳಿಂದ ಬಳಸಿದ ಕಾರುಗಳನ್ನೇ ನೋಡುತ್ತ ಬಂದು ಈಗ ಎರಡರ ಮೇಲೆ ಮನಸ್ಸು ನಿಂತಿದೆ. ಎರಡೂ ಒಂದೇ ಕಂಪನಿಯ, ಒಂದೇ ಮಾದರಿಯ ಪೆಟ್ರೋಲ್ ಕಾರುಗಳು. ಎರಡಕ್ಕೂ ಕೇಳುತ್ತಿರುವ ಹಣ ಹೆಚ್ಚುಕಡಿಮೆ ಒಂದೇ.

ಮೊದಲನೆಯದು 2018ರಲ್ಲಿ ತಯಾರಾದದ್ದು. ಈ ಏಳು ವರ್ಷಗಳಲ್ಲಿ ಅದು ಓಡಿರುವುದು 24,000 ಕಿ.ಮೀ. ಮಾತ್ರ. ಮಾಲೀಕರು ಹಿರಿಯರು, ಮನೆಯಿಂದ ಎರಡು ಮೂರು ಕಿ.ಮೀ. ದೂರದ ಕೆಲಸಗಳಿಗಷ್ಟೇ ಕಾರನ್ನು ತೆಗೆಯುತ್ತಿದ್ದರಂತೆ, ಕಳೆದ ಒಂದು ವರ್ಷದಲ್ಲಿ ಅದೂ ಅಪರೂಪವಾಗಿತ್ತಂತೆ. ಒಳಗೆ ಕುಳಿತಾಗ ಹೊಸ ಕಾರಿನಲ್ಲಿ ಕುಳಿತ ಹಾಗೆಯೇ ಅನ್ನಿಸಿತು. ಎರಡನೆಯದು 2020ರದ್ದು, 71,000 ಕಿ.ಮೀ. ಓಡಿದೆ, ಕೆಲಸಕ್ಕಾಗಿ ದಿನವೂ ಹೆದ್ದಾರಿಯಲ್ಲಿ ಹೋಗಿ ಬರುತ್ತಿದ್ದವರ ಕಾರು. ಸ್ಟಿಯರಿಂಗ್ ಹಿಡಿಯುವ ಜಾಗ ಸವೆದು ಹೊಳೆಯುತ್ತಿದೆ, ಚಾಲಕರ ಸೀಟಿನ ಅಂಚು ಕುಗ್ಗಿದೆ, ಬಾನೆಟ್ಟಿನ ಮುಂತುದಿಯಲ್ಲಿ ಕಲ್ಲು ಸಿಡಿದ ಚುಕ್ಕೆಗಳಿವೆ. ಆದರೆ ಪ್ರತಿಯೊಂದು ಸರ್ವಿಸಿನ ಬಿಲ್ಲನ್ನೂ ಅವರು ತಾರೀಖಿನ ಪ್ರಕಾರ ಫೈಲಿನಲ್ಲಿ ಜೋಡಿಸಿಟ್ಟಿದ್ದಾರೆ.

ಮನೆಯವರೆಲ್ಲ ಮೊದಲನೆಯದನ್ನೇ ತೆಗೆದುಕೋ ಎನ್ನುತ್ತಾರೆ. ಇಷ್ಟು ಕಡಿಮೆ ಓಡಿದ ಗಾಡಿ ಸಿಗುವುದು ಅದೃಷ್ಟ ಎಂಬುದು ಅವರ ಮಾತು. ನನಗೂ ಹಾಗೇ ಅನ್ನಿಸಿತ್ತು, ಆದರೆ ಬಾನೆಟ್ ಎತ್ತಿದಾಗ ಏನನ್ನು ನೋಡಬೇಕೆಂದೇ ತಿಳಿಯದೆ ಸುಮ್ಮನೆ ನಿಂತುಬಿಟ್ಟೆ. ಕಡಿಮೆ ಓಡಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಆರಿಸಿಕೊಳ್ಳಬಹುದೇ? ಮೀಟರಿನಲ್ಲಿರುವ ಅಂಕಿ ನಿಜವೇ ಎಂದು ನನ್ನಂಥವರು ತಿಳಿಯುವುದು ಹೇಗೆ? ಮೆಕ್ಯಾನಿಕ್ಕಿಗೆ ತೋರಿಸುವ ಮುಂಚೆ ನಾನೇ ನೋಡಬಹುದಾದದ್ದು ಏನಿದೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೀಟರಿನ ಅಂಕಿಯೇ ಸುಳ್ಳಾಗಿದ್ದರೆ ಮೊದಲ ಪ್ರಶ್ನೆಗೆ ಅರ್ಥವಿರುವುದಿಲ್ಲ. ಡಿಜಿಟಲ್ ಮೀಟರನ್ನು ಯಾರೂ ತಿದ್ದಲಾರರು ಎಂದು ಅನೇಕರು ನಂಬಿದ್ದಾರೆ. ಅದು ತಪ್ಪು, ಸರಿಯಾದ ಉಪಕರಣವನ್ನು ಜೋಡಿಸಿ ಅಂಕಿಯನ್ನು ಕೆಲವೇ ನಿಮಿಷಗಳಲ್ಲಿ ಇಳಿಸಿಬಿಡುತ್ತಾರೆ. ಆದರೆ ಅಂಕಿ ತಿದ್ದಿದವರಿಗೆ ಕಾರಿನ ಮೈಮೇಲಿನ ಸವೆತವನ್ನೆಲ್ಲ ತಿದ್ದಲು ಆಗುವುದಿಲ್ಲ, ಅಲ್ಲಿಯೇ ನಮಗೆ ಸುಳಿವು ಸಿಗುತ್ತದೆ.

ಮೊದಲು ಟೈರುಗಳ ಹತ್ತಿರ ಕುಳಿತುಕೊಳ್ಳಿ. ಟೈರಿನ ಪಕ್ಕದ ಗೋಡೆಯ ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ಆರಂಭವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 1418 ಎಂದಿದ್ದರೆ ಅದು 2018ರ 14ನೆಯ ವಾರದಲ್ಲಿ ತಯಾರಾದ ಟೈರು. ಕೆಲವು ಟೈರುಗಳಲ್ಲಿ ಈ ಅಂಕಿಗಳು ಕಾರಿನ ಒಳಮುಖಕ್ಕೆ ಇರುತ್ತವೆ, ಆಗ ಟಾರ್ಚ್ ಹಿಡಿದು ಬಗ್ಗಿ ನೋಡಬೇಕಾಗುತ್ತದೆ. ನಾಲ್ಕೂ ಟೈರುಗಳು ಮತ್ತು ಸ್ಟೆಪ್ನಿ ಕಾರು ತಯಾರಾಗುವುದಕ್ಕೆ ಸ್ವಲ್ಪ ಮುಂಚಿನ ತಾರೀಖಿನವಾಗಿದ್ದು, ಮೇಲ್ಮೈಯ ತೋಡುಗಳು ಇನ್ನೂ ಆಳವಾಗಿದ್ದರೆ 24,000 ಕಿ.ಮೀ. ಎಂಬ ಮಾತನ್ನು ನಂಬಬಹುದು. ಹೊಸ ಟೈರಿನ ತೋಡು ಸಾಮಾನ್ಯವಾಗಿ 8 ಮಿ.ಮೀ. ಆಸುಪಾಸು ಆಳವಿರುತ್ತದೆ, 1.6 ಮಿ.ಮೀ.ಗೆ ಇಳಿದಾಗ ತೋಡಿನೊಳಗಿನ ಸಣ್ಣ ರಬ್ಬರ್ ದಿಣ್ಣೆಗಳು ಮೇಲ್ಮೈಗೆ ಸಮನಾಗಿ, ಬದಲಾಯಿಸುವ ಹೊತ್ತು ಬಂತೆಂದು ತೋರಿಸುತ್ತವೆ. ಅದರ ಬದಲು ನಾಲ್ಕೂ ಟೈರುಗಳು 2021ರವು, ಸ್ಟೆಪ್ನಿ ಮಾತ್ರ 2018ರದ್ದು ಎಂದು ಕಂಡುಬಂದರೆ ಮಾಲೀಕರನ್ನು ವಿಚಾರಿಸಲೇಬೇಕು. ಹತ್ತು ಹನ್ನೆರಡು ಸಾವಿರ ಕಿ.ಮೀ.ಗೆ ನಾಲ್ಕೂ ಟೈರು ಒಟ್ಟಿಗೆ ಸವೆಯುವುದಿಲ್ಲ. ಒಂದು ಟೈರು ಹೊಂಡಕ್ಕೆ ಬಿದ್ದು ಸೀಳಬಹುದು, ನಾಲ್ಕಕ್ಕೂ ಹಾಗಾಗುವುದು ತೀರಾ ಅಪರೂಪ.

ಆಮೇಲೆ ಕ್ಲಚ್ ಮತ್ತು ಬ್ರೇಕ್ ಪೆಡಲುಗಳ ರಬ್ಬರ್ ನೋಡಿ. ಇಷ್ಟು ಕಡಿಮೆ ಓಡಿದ ಕಾರಿನಲ್ಲಿ ಆ ರಬ್ಬರಿನ ಗೆರೆಗಳು ಬೆರಳಿಗೆ ಚೂಪಾಗಿಯೇ ಸಿಗಬೇಕು. ಅಂಚು ಬೋಳಾಗಿದ್ದರೆ ಅನುಮಾನ ಪಡಿ. ಸುತ್ತಲಿನದೆಲ್ಲ ಹಳೆಯದಾಗಿದ್ದು ಪೆಡಲಿನ ರಬ್ಬರ್ ಮಾತ್ರ ಹೊಚ್ಚ ಹೊಸದಾಗಿದ್ದರೂ ಅನುಮಾನ ಪಡಿ. ಸರ್ವಿಸ್ ಪುಸ್ತಕದಲ್ಲಿ ಪ್ರತಿ ಸಲ ಬರೆದ ಕಿ.ಮೀ. ಅಂಕಿಗಳು ಕ್ರಮವಾಗಿ ಏರುತ್ತ ಬಂದಿವೆಯೇ, ನಡುವೆ ಎಲ್ಲಾದರೂ ಇಳಿದಿದೆಯೇ ಎಂಬುದನ್ನು ಬೆರಳಿಟ್ಟು ಓದಿ.

ಅಂಕಿ ನಿಜವೇ ಎಂದಾದ ಮೇಲೆ ನಿಮ್ಮ ಮೊದಲ ಪ್ರಶ್ನೆ ಬರುತ್ತದೆ. ಕಾರಿನ ಕೆಲವು ಭಾಗಗಳು ಓಡಿದರೆ ಸವೆಯುತ್ತವೆ, ಕೆಲವು ನಿಂತಲ್ಲೇ ಹಳತಾಗುತ್ತವೆ. ಕ್ಲಚ್, ಬ್ರೇಕ್ ಪ್ಯಾಡ್, ಬೇರಿಂಗುಗಳು ಮೊದಲ ಗುಂಪಿಗೆ ಸೇರಿದವು. ಟೈರಿನ ರಬ್ಬರು, ಬೆಲ್ಟುಗಳು, ಹೋಸುಗಳು, ಬ್ಯಾಟರಿ, ಬ್ರೇಕ್ ಆಯಿಲ್, ಕೂಲಂಟ್ (ಎಂಜಿನ್ನನ್ನು ತಣಿಸುವ ದ್ರವ) ಇವೆಲ್ಲ ಎರಡನೆಯ ಗುಂಪಿನವು. ಟೈರಿಗೆ ಐದು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕೆಂದೂ, ತೋಡು ಎಷ್ಟೇ ಆಳ ಉಳಿದಿದ್ದರೂ ಹತ್ತು ವರ್ಷ ದಾಟಿಸಬಾರದೆಂದೂ ದೊಡ್ಡ ಟೈರು ಕಂಪನಿಗಳೇ ಹೇಳುತ್ತವೆ. ಪಕ್ಕದ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನೋಡಿ. ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟರೆ ಆ ಟೈರನ್ನು ಹೆದ್ದಾರಿಯ ವೇಗಕ್ಕೆ ನಂಬಬೇಡಿ.

ಬ್ರೇಕ್ ಆಯಿಲ್ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಜನ ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವುದು ಇದನ್ನೇ. ಆ ದ್ರವಕ್ಕೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣವಿದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಇರಬೇಕಾದ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ಉದ್ದನೆಯ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತುತ್ತ ಇಳಿಯುವಾಗ ಚಕ್ರದ ಬಳಿಯ ಬಿಸಿ ಆ ಮಟ್ಟವನ್ನು ಮುಟ್ಟಿದರೆ ದ್ರವ ಕುದಿದು ಆವಿಯಾಗುತ್ತದೆ. ದ್ರವವನ್ನು ಅದುಮಲಾಗುವುದಿಲ್ಲ, ಆವಿಯನ್ನು ಅದುಮಬಹುದು. ಆದ್ದರಿಂದ ಪೆಡಲ್ ಯಾವ ತಡೆಯೂ ಇಲ್ಲದೆ ನೆಲಕ್ಕೆ ಹೋಗಿಬಿಡುತ್ತದೆ. ಹೆಚ್ಚಿನ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎನ್ನುವುದು ಇದೇ ಕಾರಣಕ್ಕೆ. ಹೊಸದು ತಿಳಿ ಹಳದಿ ಬಣ್ಣದಲ್ಲಿರುತ್ತದೆ. ನೀವು ನೋಡಿದ ಡಬ್ಬಿಯಲ್ಲಿ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿದ್ದರೆ ಅದನ್ನು ವರ್ಷಗಳಿಂದ ಯಾರೂ ಮುಟ್ಟಿಲ್ಲವೆಂದೇ ತಿಳಿಯಿರಿ.

ಉತ್ತರ 2

ಬಹಳ ವರ್ಷ ಗ್ಯಾರೇಜಿನಲ್ಲಿ ಕೆಲಸ ಮಾಡಿದವನಾಗಿ ಒಂದು ಮಾತು ಸೇರಿಸುತ್ತೇನೆ. ಕಾರು ಎಷ್ಟು ಓಡಿದೆ ಎನ್ನುವುದಕ್ಕಿಂತ ಹೇಗೆ ಓಡಿದೆ ಎಂಬುದು ನನಗೆ ಮುಖ್ಯ, ಮತ್ತು ನೀವು ಬರೆದ ವಿವರಗಳಲ್ಲಿ ನನಗೆ ಚಿಂತೆ ತಂದದ್ದು ಆ "ಎರಡು ಮೂರು ಕಿ.ಮೀ." ಎಂಬ ಮಾತು.

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದೆಲ್ಲ ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ತಣ್ಣಗಿದ್ದಾಗ ಅದರಲ್ಲಿ ಒಂದು ಪಾಲು, ಜೊತೆಗೆ ಸ್ವಲ್ಪ ಉರಿಯದ ಪೆಟ್ರೋಲ್, ಪಿಸ್ಟನ್ ಪಕ್ಕದಿಂದ ಜಾರಿ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಇಪ್ಪತ್ತು ಮೂವತ್ತು ಕಿ.ಮೀ. ಓಡಿಸಿದರೆ ಆಯಿಲ್ ಕಾದು ಆ ನೀರು, ಪೆಟ್ರೋಲ್ ಎರಡೂ ಆವಿಯಾಗಿ ಹೊರಟುಹೋಗುತ್ತವೆ. ಎರಡೇ ಕಿ.ಮೀ.ಗೆ ನಿಲ್ಲಿಸಿದರೆ ಎಲ್ಲ ಒಳಗೇ ಉಳಿಯುತ್ತದೆ, ಮರುದಿನ ಇನ್ನಷ್ಟು ಸೇರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೂಲಂಟಿನ ಬಿಸಿ ಸರಿಯಾದ ಮಟ್ಟಕ್ಕೆ ಬಂದಂತೆ ತೋರಿದ ಎಷ್ಟೋ ಹೊತ್ತಿನ ಮೇಲೆ ಆಯಿಲ್ ಪೂರ್ತಿ ಕಾಯುತ್ತದೆ ಎಂಬುದನ್ನು ನೆನಪಿಡಿ. ಸೈಲೆನ್ಸರಿನ ಕಥೆಯೂ ಅದೇ; ನಿಂತ ನೀರಿನಿಂದ ಒಳಗಿನಿಂದಲೇ ತುಕ್ಕು ಹಿಡಿದು ತೂತಾಗುತ್ತದೆ.

ಇದನ್ನು ಕಣ್ಣಾರೆ ನೋಡುವುದು ಸುಲಭ. ಎಂಜಿನ್ ತಣ್ಣಗಿರುವಾಗ ಆಯಿಲ್ ಹುಯ್ಯುವ ಮುಚ್ಚಳವನ್ನು ತಿರುಗಿಸಿ ತೆಗೆದು ಮಗುಚಿ ನೋಡಿ. ಬರೀ ಎಣ್ಣೆಯ ಪಸೆ ಇದ್ದರೆ ಒಳ್ಳೆಯದು. ಬೆಣ್ಣೆ ಮೆತ್ತಿದ ಹಾಗೆ ಹಳದಿ ಮಿಶ್ರಿತ ಬಿಳಿ ಪದಾರ್ಥ ಅಂಟಿಕೊಂಡಿದ್ದರೆ ಆಯಿಲಿಗೆ ನೀರು ಸೇರುತ್ತಿದೆ ಎಂದು ಅರ್ಥ. ಇದರಿಂದ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನೊಳಗೆ ಕೂಲಂಟ್ ಮತ್ತು ಆಯಿಲ್ ಬೆರೆಯದಂತೆ ತಡೆಯುವ ಪದರ) ಹೋಗಿದೆ ಎಂದು ತಕ್ಷಣ ತೀರ್ಮಾನಿಸಬೇಡಿ. ಗಿಡ್ಡ ಓಡಾಟದ ಕಾರುಗಳಲ್ಲಿ ಇದು ಕೇವಲ ತೇವದಿಂದಲೂ ಆಗುತ್ತದೆ. ಆದರೆ ಕೂಲಂಟ್ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ, ಅಥವಾ ಅದರೊಳಗೆ ಎಣ್ಣೆಯ ಪದರ ತೇಲುತ್ತಿದ್ದರೆ ಆ ಕಾರಿನಿಂದ ದೂರ ಇರಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಒತ್ತಡದಲ್ಲಿರುವ ಕುದಿನೀರು ಒಮ್ಮೆಲೇ ಮುಖಕ್ಕೆ ಚಿಮ್ಮುತ್ತದೆ. ಹಾಗೆ ಸುಟ್ಟುಕೊಂಡ ಕೈಗಳನ್ನು ನಾನು ನೋಡಿದ್ದೇನೆ.

ಕಾರು ನೋಡಲು ಬೆಳಿಗ್ಗೆ ಹೋಗಿ, ಮತ್ತು ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಕೇಳಿಕೊಳ್ಳಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಬರುವುದೇ ಲೇಸು. ರಾತ್ರಿಯೆಲ್ಲ ನಿಂತ ಎಂಜಿನ್ನನ್ನು ಸ್ಟಾರ್ಟ್ ಮಾಡಿದಾಗ ಮೊದಲ ಐದಾರು ಸೆಕೆಂಡುಗಳಲ್ಲಿ ಕೇಳುವ ಸದ್ದನ್ನು ಯಾವ ಪಾಲಿಶೂ ಮುಚ್ಚಲಾರದು. ಒಬ್ಬರು ಸ್ಟಾರ್ಟ್ ಮಾಡುವಾಗ ಇನ್ನೊಬ್ಬರು ಹಿಂದೆ ನಿಂತು ಹೊಗೆಯನ್ನು ನೋಡಬೇಕು. ಚಳಿಯಲ್ಲಿ ಬಿಳಿ ಆವಿ ಬಂದು ಸ್ವಲ್ಪ ಹೊತ್ತಿಗೆ ಕರಗಿದರೆ ಅದು ಸಹಜ. ನೀಲಿ ಛಾಯೆಯಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲಂಟ್ ಉರಿಯುತ್ತಿದೆ, ಕಪ್ಪಾಗಿದ್ದರೆ ಪೆಟ್ರೋಲ್ ಅಳತೆ ಮೀರಿ ಹೋಗುತ್ತಿದೆ.

ಹೆದ್ದಾರಿಯಲ್ಲಿ 71,000 ಓಡಿದ ಕಾರಿನ ಎಂಜಿನ್ ದಿನವೂ ಸರಿಯಾಗಿ ಕಾದಿದೆ, ಗೇರು ಬದಲಾವಣೆ ಕಡಿಮೆಯಾದ್ದರಿಂದ ಕ್ಲಚ್ಚಿಗೂ ಬ್ರೇಕಿಗೂ ಅಷ್ಟು ಹೊಡೆತ ಬಿದ್ದಿರುವುದಿಲ್ಲ. ನನ್ನನ್ನು ಕೇಳಿದರೆ ಮೊದಲು ಅದನ್ನೇ ನೋಡುತ್ತೇನೆ.

ಉತ್ತರ 3

ಮೇಲಿನ ಇಬ್ಬರೂ ಎಂಜಿನ್ ಮತ್ತು ಸವೆತದ ಬಗ್ಗೆ ಹೇಳಿದ್ದಾರೆ. ಎರಡೂ ಕಾರುಗಳಲ್ಲಿ ನೋಡಬೇಕಾದ ಇನ್ನೊಂದಿದೆ: ಅಪಘಾತವಾಗಿತ್ತೇ, ನೀರಿನಲ್ಲಿ ಮುಳುಗಿತ್ತೇ ಎಂಬುದು. ನಾನು ನನ್ನ ಮೊದಲ ಕಾರನ್ನು ಕೊಂಡಾಗ ಹೊಳೆಯುವ ಬಣ್ಣಕ್ಕೆ ಮರುಳಾಗಿ ಇದನ್ನು ನೋಡದೆ ಬಿಟ್ಟೆ. ಮೂರು ತಿಂಗಳಾದ ಮೇಲೆ ಸೀಟಿನ ಕೆಳಗಿನ ವೈರಿಂಗ್ ಒಂದೊಂದಾಗಿ ಕೈಕೊಡತೊಡಗಿತು. ಕಾರ್ಪೆಟ್ ಎತ್ತಿಸಿ ನೋಡಿದಾಗ ಅಡಿಯಲ್ಲಿ ಒಣಗಿದ ಕೆಸರು ಪುಡಿಪುಡಿಯಾಗಿ ಸಿಕ್ಕಿತು.

ಆದ್ದರಿಂದ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಕಾರು ತೊಳೆಯುವವರು ಬೆಲ್ಟಿನ ಹೊರಗೆ ಕಾಣುವ ಭಾಗವನ್ನು ಉಜ್ಜುತ್ತಾರೆ, ಸುರುಳಿಯೊಳಗೆ ಅಡಗಿರುವ ಕೊನೆಯ ಮೊಳದಲ್ಲಿ ನೀರು ನಿಂತ ಗೆರೆ ಹಾಗೇ ಉಳಿದಿರುತ್ತದೆ. ಸೀಟು ಜಾರುವ ಹಳಿಗಳಲ್ಲಿ ತುಕ್ಕು, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದಾಗ ಗುಂಡಿಯಲ್ಲಿ ಕೆಸರು, ಕಿಟಕಿ ಮುಚ್ಚಿ ಕುಳಿತಾಗ ಮುಗ್ಗಲು ವಾಸನೆ, ಇವೂ ಅದೇ ಸುಳಿವುಗಳು.

ಅಪಘಾತಕ್ಕೆ ಸಂಬಂಧಿಸಿದಂತೆ, ಬಾನೆಟ್ ಎತ್ತಿ ಮುಂದಿನ ಮಡ್‌ಗಾರ್ಡುಗಳನ್ನು ಹಿಡಿದಿರುವ ಬೋಲ್ಟುಗಳ ತಲೆಯನ್ನು ನೋಡಿ. ಕಾರ್ಖಾನೆಯಿಂದ ಬಂದ ಬಣ್ಣ ಸ್ಪ್ಯಾನರ್ ಹಾಕಿದರೆ ಮೂಲೆಗಳಲ್ಲಿ ಕಿತ್ತು ಹೋಗುತ್ತದೆ. ಬಾಗಿಲಿನ ಸುತ್ತಲಿನ ಸಂದು ಎರಡೂ ಪಕ್ಕದಲ್ಲಿ ಒಂದೇ ಅಗಲ ಇದೆಯೇ, ರಬ್ಬರ್ ಬೀಡಿಂಗಿನ ಮೇಲೆ ಬಣ್ಣದ ತುಂತುರು ಬಿದ್ದಿದೆಯೇ ನೋಡಿ. ಕಿಟಕಿಯ ಪ್ರತಿಯೊಂದು ಗಾಜಿನ ಮೂಲೆಯಲ್ಲೂ ತಯಾರಕರ ಗುರುತು ಇರುತ್ತದೆ. ಆರರಲ್ಲಿ ಒಂದು ಮಾತ್ರ ಬೇರೆ ಕಂಪನಿಯದ್ದಾಗಿದ್ದರೆ ಆ ಪಕ್ಕಕ್ಕೆ ಏನಾಗಿತ್ತು ಎಂದು ಕೇಳಿ. ಒಂದು ಬಾಗಿಲಿಗೆ ಮತ್ತೆ ಬಣ್ಣ ಹಾಕಿಸಿದ್ದಾರೆ ಎಂಬ ಕಾರಣಕ್ಕೆ ಒಳ್ಳೆಯ ಕಾರನ್ನು ಬಿಡಬೇಡಿ, ಗೀರು ಎಲ್ಲರ ಕಾರಿಗೂ ಬೀಳುತ್ತದೆ. ಹೆದರಬೇಕಾದದ್ದು ಬಾನೆಟ್ಟಿನ ಅಡಿಯ ಉದ್ದನೆಯ ಕಬ್ಬಿಣದ ಚೌಕಟ್ಟು ಸೊಟ್ಟಗಾಗಿ ವೆಲ್ಡಿಂಗ್ ಆಗಿದ್ದರೆ ಮಾತ್ರ, ಏಕೆಂದರೆ ಮುಂದಿನ ಅಪಘಾತದಲ್ಲಿ ಒಳಗಿರುವವರನ್ನು ಕಾಪಾಡಬೇಕಾದದ್ದು ಅದೇ.

ಇನ್ನೊಂದು ಮಾತು. ಸ್ಟಿಯರಿಂಗಿನ ಕೆಳಗೆ ಹದಿನಾರು ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಮೆಕ್ಯಾನಿಕ್ ಅದಕ್ಕೆ ಸ್ಕ್ಯಾನರ್ ಹಾಕಿದಾಗ "ಯಾವ ದೋಷವೂ ಇಲ್ಲ" ಎಂದು ಬಂದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಕೆಲಸಗಳು ಪೂರ್ತಿಯಾಗಿವೆಯೇ ಎಂಬುದನ್ನೂ ಆ ಸ್ಕ್ಯಾನರ್ ತೋರಿಸುತ್ತದೆ. ಯಾರಾದರೂ ಇತ್ತೀಚೆಗೆ ದೋಷಗಳನ್ನು ಅಳಿಸಿದ್ದರೆ ಅಥವಾ ಬ್ಯಾಟರಿ ಕಳಚಿದ್ದರೆ ಹಲವು ಪರೀಕ್ಷೆಗಳು ಬಾಕಿ ಎಂದು ಕಾಣುತ್ತವೆ. ಹಾಗಿದ್ದರೆ ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ನೋಡಬೇಕು.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದಗಳು. ಎರಡು ಸಣ್ಣ ಸಂದೇಹಗಳಿವೆ. ಮೊದಲ ಕಾರಿನ ಮಾಲೀಕರು ಕಳೆದ ವರ್ಷ ಓಡಿಸದಿದ್ದರೂ ಪ್ರತಿ ಭಾನುವಾರ ಹತ್ತು ನಿಮಿಷ ಎಂಜಿನ್ ಸ್ಟಾರ್ಟ್ ಮಾಡಿ ಇಡುತ್ತಿದ್ದೆ, ಆದ್ದರಿಂದ ತೊಂದರೆಯಿಲ್ಲ ಎಂದರು. ಅದು ಸಾಕಾಗುತ್ತದೆಯೇ? ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದೀರಾ ಎಂದು ಕೇಳಿದ್ದಕ್ಕೆ, ಅಷ್ಟು ದೂರ ಓಡಿಯೇ ಇಲ್ಲ, ಬದಲಾಯಿಸುವ ಅಗತ್ಯ ಬಂದಿಲ್ಲ ಎಂದರು. ಇದು ಸರಿಯೇ?

ಉತ್ತರ 2 ಬರೆದವರು

ಆ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ, ಆದರೆ ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿಡುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಎಂಜಿನ್ ಪೂರ್ತಿ ಕಾಯುವುದಿಲ್ಲ, ಮೇಲೆ ಹೇಳಿದ ನೀರು ಪ್ರತಿ ಭಾನುವಾರವೂ ಆಯಿಲಿಗೆ ಸೇರುತ್ತದೆ. ಸ್ಟಾರ್ಟ್ ಮಾಡಲು ಬ್ಯಾಟರಿಯಿಂದ ಹೋದ ಶಕ್ತಿಯೂ ನಿಧಾನ ವೇಗದಲ್ಲಿ ಸರಿಯಾಗಿ ತುಂಬುವುದಿಲ್ಲ, ಟೈರು ಒಂದೇ ಜಾಗದಲ್ಲಿ ಭಾರ ಹೊತ್ತು ನಿಂತಿರುತ್ತದೆ, ಬ್ರೇಕ್ ಡಿಸ್ಕಿನ ತುಕ್ಕು ಉಜ್ಜಿಹೋಗುವುದಿಲ್ಲ. ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಆ ಹೊತ್ತಿನಲ್ಲಿ ಎ.ಸಿ.ಯನ್ನೂ ಹಾಕಿದರೆ ಎಲ್ಲಕ್ಕೂ ಒಳ್ಳೆಯದು; ಎ.ಸಿ. ಓಡಿದಾಗ ಅದರೊಳಗಿನ ಎಣ್ಣೆ ಸುತ್ತಿ ರಬ್ಬರ್ ಸೀಲುಗಳು ಒಣಗದಂತೆ ಇರುತ್ತವೆ.

ಬ್ಯಾಟರಿಯ ಸ್ಥಿತಿ ತಿಳಿಯಬೇಕಾದರೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಪೂರ್ತಿ ತುಂಬಿದೆ, 12 ವೋಲ್ಟಿಗೆ ಇಳಿದಿದ್ದರೆ ಬಹುತೇಕ ಬರಿದಾಗಿದೆ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 14 ವೋಲ್ಟ್ ಅಕ್ಕಪಕ್ಕದಲ್ಲಿ ಬರಬೇಕು.

ಟೈಮಿಂಗ್ ಬೆಲ್ಟಿನ ವಿಷಯದಲ್ಲಿ ಅವರ ಮಾತು ತಪ್ಪು. ಅದು ರಬ್ಬರಿನ ಬೆಲ್ಟ್, ಕೈಪಿಡಿಯಲ್ಲಿ ಕಿ.ಮೀ. ಜೊತೆಗೆ ವರ್ಷದ ಮಿತಿಯನ್ನೂ ಕೊಟ್ಟಿರುತ್ತಾರೆ, ಎರಡರಲ್ಲಿ ಯಾವುದು ಮೊದಲು ಬಂತೋ ಅದೇ ಲೆಕ್ಕ. ಬಹುಪಾಲು ಎಂಜಿನ್ನುಗಳಲ್ಲಿ ವಾಲ್ವುಗಳೂ ಪಿಸ್ಟನ್ನುಗಳೂ ಒಂದೇ ಜಾಗವನ್ನು ಸರದಿಯ ಮೇಲೆ ಬಳಸುತ್ತವೆ, ಆ ಸರದಿಯನ್ನು ಕಾಯುವುದು ಈ ಬೆಲ್ಟ್. ಅದು ಓಡುತ್ತಿರುವಾಗ ಹರಿದರೆ ಪಿಸ್ಟನ್ ನೇರವಾಗಿ ವಾಲ್ವಿಗೆ ಬಡಿಯುತ್ತದೆ, ಎಂಜಿನ್ ಬಿಚ್ಚದೆ ಬೇರೆ ದಾರಿಯಿರುವುದಿಲ್ಲ. ಕೆಲವು ಮಾದರಿಗಳಲ್ಲಿ ಬೆಲ್ಟಿನ ಬದಲು ಚೈನ್ ಇರುತ್ತದೆ, ಅದಕ್ಕೆ ಇಂಥ ಮಿತಿ ಸಾಮಾನ್ಯವಾಗಿ ಇಲ್ಲ. ಆದರೆ ಆಯಿಲನ್ನು ಸಕಾಲಕ್ಕೆ ಬದಲಾಯಿಸದಿದ್ದರೆ ಚೈನೂ ಸಡಿಲಗೊಂಡು ಸದ್ದು ಮಾಡುತ್ತದೆ. ನಿಮ್ಮ ಮಾದರಿಯಲ್ಲಿ ಯಾವುದಿದೆ ಎಂಬುದನ್ನು ಯಾರ ಮಾತಿನ ಮೇಲೂ ಬಿಡದೆ ಕೈಪಿಡಿಯಲ್ಲೇ ಓದಿ.

ಉತ್ತರ 4

ಎಲ್ಲರೂ ಎರಡನೆಯ ಕಾರಿನ ಕಡೆಗೇ ವಾಲುತ್ತಿರುವುದರಿಂದ ಇನ್ನೊಂದು ಪಕ್ಷದ ಮಾತನ್ನೂ ಹೇಳಬೇಕೆನ್ನಿಸಿತು. ನಾನು ಒಂಬತ್ತು ವರ್ಷದಲ್ಲಿ 31,000 ಕಿ.ಮೀ. ಓಡಿದ್ದ ಕಾರನ್ನು ಕೊಂಡು ಈಗ ನಾಲ್ಕು ವರ್ಷವಾಯಿತು, ನಡುದಾರಿಯಲ್ಲಿ ಒಮ್ಮೆಯೂ ನಿಲ್ಲಿಸಿಲ್ಲ. ಆದರೆ ಕೊಳ್ಳುವ ಮೊದಲೇ ನಾನು ಒಂದು ಲೆಕ್ಕ ಹಾಕಿದ್ದೆ: ನಾಲ್ಕು ಟೈರು, ಬ್ಯಾಟರಿ, ಬೆಲ್ಟುಗಳು, ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲಂಟ್ ಇಷ್ಟನ್ನೂ ಮೊದಲ ತಿಂಗಳಲ್ಲೇ ಬದಲಾಯಿಸಬೇಕೆಂದು ಗ್ಯಾರೇಜಿನಿಂದ ಬರೆಸಿಕೊಂಡು ಬಂದು, ಆ ಮೊತ್ತವನ್ನು ಬೆಲೆಯಲ್ಲಿ ಕಳೆಯಿರಿ ಎಂದು ಮಾಲೀಕರಿಗೆ ನೇರವಾಗಿ ಹೇಳಿದೆ, ಅವರೂ ಒಪ್ಪಿದರು. ಆ ಕಾರಿಗೆ ವರ್ಷಕ್ಕೊಮ್ಮೆ ತಪ್ಪದೆ ಆಯಿಲ್ ಬದಲಾಯಿಸಿದ ದಾಖಲೆ ಇತ್ತು ಎಂಬುದೂ ಮುಖ್ಯ. ಕಡಿಮೆ ಓಡಿದ ಕಾರೆಲ್ಲ ಕೆಟ್ಟದ್ದೆಂದು ದಯವಿಟ್ಟು ತಿಳಿಯಬೇಡಿ. ಈ ಖರ್ಚನ್ನು ಸೇರಿಸಿದ ಮೇಲೂ ಬೆಲೆ ಹೊಂದುತ್ತದೆಯೇ ಎಂಬುದನ್ನು ನೋಡಿ, ದಾಖಲೆಯನ್ನು ನೋಡಿ.

ಪ್ರಶ್ನೆ ಕೇಳಿದವರು

ಎರಡೂ ಕಾರುಗಳನ್ನು ಮತ್ತೊಮ್ಮೆ ನೋಡಿ ಬಂದೆ, ಈ ಸಲ ಟಾರ್ಚು, ಮಲ್ಟಿಮೀಟರು ಮತ್ತು ಒಂದು ಹಳೆಯ ಬಟ್ಟೆಯ ಜೊತೆಗೆ. ಕಂಡದ್ದನ್ನು ಬರೆಯುತ್ತೇನೆ, ನನ್ನಂತೆಯೇ ಹುಡುಕುತ್ತಿರುವವರಿಗೆ ಉಪಯೋಗವಾಗಲಿ.

ಮೊದಲ ಕಾರಿನ ಅಂಕಿ ನಿಜವೆಂದೇ ನನಗೆ ಅನ್ನಿಸಿತು. ಐದೂ ಟೈರುಗಳು 2018ರ ಮೊದಲ ತಿಂಗಳುಗಳವು, ಪೆಡಲಿನ ರಬ್ಬರ್ ಬೆರಳಿಗೆ ಚೂಪಾಗಿಯೇ ಇತ್ತು. ಮಾಲೀಕರು ಏನನ್ನೂ ಮುಚ್ಚಿಡಲಿಲ್ಲ. ಆದರೆ ಪಕ್ಕದ ಗೋಡೆ ಒತ್ತಿದಾಗ ನಾಲ್ಕು ಟೈರುಗಳಲ್ಲೂ ಬಿರುಕುಗಳು ಬಾಯಿಬಿಟ್ಟವು. ಬ್ರೇಕ್ ಆಯಿಲ್ ಕಪ್ಪಾಗಿತ್ತು. ಆಯಿಲ್ ಮುಚ್ಚಳ ಮಗುಚಿದಾಗ, ಮೇಲೆ ಬರೆದಂತೆಯೇ, ಬೆಣ್ಣೆಯಂಥದ್ದು ಬೆರಳಿಗೆ ಮೆತ್ತಿಕೊಂಡಿತು. ಕೂಲಂಟ್ ಮಟ್ಟ ಮಾತ್ರ ಸರಿಯಾಗಿತ್ತು. ಸರ್ವಿಸ್ ಪುಸ್ತಕದಲ್ಲಿ ಕೊನೆಯ ಆಯಿಲ್ ಬದಲಾವಣೆಗೆ ಎರಡೂವರೆ ವರ್ಷವಾಗಿದೆ, ಗಾಡಿ ಓಡಿಲ್ಲವಲ್ಲ ಎಂಬ ಕಾರಣಕ್ಕೆ ಬಿಟ್ಟಿದ್ದರಂತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಟು ಹತ್ತು ಸೆಕೆಂಡು ಟಕಟಕ ಸದ್ದು ಬಂದು ನಿಂತಿತು. ಕೈಪಿಡಿಯಲ್ಲಿ ಟೈಮಿಂಗ್ ಬೆಲ್ಟ್ ಎಂದೇ ಇದೆ, 1,00,000 ಕಿ.ಮೀ. ಅಥವಾ 6 ವರ್ಷ ಎಂದು ಬರೆದಿದೆ. ಅಂದರೆ ಒಂದು ವರ್ಷದಿಂದ ಅವಧಿ ಮೀರಿದ ಬೆಲ್ಟಿನಲ್ಲೇ ಅದು ಓಡುತ್ತಿದೆ.

ಎರಡನೆಯ ಕಾರಿನಲ್ಲಿ ಟೈರುಗಳು ಕಳೆದ ವರ್ಷ ಬದಲಾದವು, ಅದರ ಬಿಲ್ಲೂ ಫೈಲಿನಲ್ಲಿದೆ. ಬ್ರೇಕ್ ಆಯಿಲ್ ಎರಡು ಸಲ ಬದಲಾಗಿದೆ. ಮುಚ್ಚಳದಲ್ಲಿ ಬರೀ ಎಣ್ಣೆಯ ಪಸೆ ಇತ್ತು, ಸ್ಟಾರ್ಟ್ ಮಾಡಿದಾಗ ಸದ್ದಿಲ್ಲ, ಹೊಗೆಯಿಲ್ಲ. ಹಿಂದಿನ ಒಂದು ಬಾಗಿಲಿಗೆ ಬಣ್ಣ ಹಾಕಿಸಿದ್ದು ಬೀಡಿಂಗಿನ ಮೇಲಿನ ತುಂತುರಿನಿಂದ ಗೊತ್ತಾಯಿತು. ಕೇಳಿದ ಕೂಡಲೇ ಕಂಬಕ್ಕೆ ಉಜ್ಜಿದ್ದೆಂದು ಒಪ್ಪಿ ಅದರ ಹಳೆಯ ಫೋಟೋವನ್ನೂ ತೋರಿಸಿದರು. ಮೆಕ್ಯಾನಿಕ್ ನಾಲ್ಕನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಒಮ್ಮೆಲೇ ಆಕ್ಸಿಲರೇಟರ್ ಒತ್ತಿ ಕ್ಲಚ್ ಪರೀಕ್ಷಿಸಿದರು. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದು ಅರ್ಥವಂತೆ, ಇಲ್ಲಿ ಎರಡೂ ಒಟ್ಟಿಗೇ ಏರಿದವು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಸುತ್ತು ಹಾಕಿದಾಗಲೂ ಮುಂದಿನ ಚಕ್ರಗಳಿಂದ ಕಟಕಟ ಸದ್ದು ಬರಲಿಲ್ಲ.

ಮೊದಲ ಕಾರಿನ ಬೆಲೆಯಲ್ಲಿ ಖರ್ಚು ಕಳೆಯಲು ಮಾಲೀಕರು ಅರ್ಧ ಒಪ್ಪಿದರು. ಆದರೆ ಆ ಬೆಳಗಿನ ಟಕಟಕ ಸದ್ದಿಗೆ ಎಷ್ಟು ಕಳೆಯಬೇಕೆಂದು ನನ್ನ ಮೆಕ್ಯಾನಿಕ್ಕಿಗೂ ಹೇಳಲಾಗಲಿಲ್ಲ. ಎರಡನೆಯದನ್ನು ಗೊತ್ತುಮಾಡಿ ಮುಂಗಡ ಕೊಟ್ಟು ಬಂದಿದ್ದೇನೆ. ಮನೆಗೆ ತಂದ ಮೇಲೆ ಮೊದಲು ಮಾಡಿಸಬೇಕಾದದ್ದು ಏನು?

ಉತ್ತರ 2 ಬರೆದವರು

ಹಣ ಪೂರ್ತಿ ಕೊಡುವ ಮುಂಚೆ ಚಾಸಿಸ್ ಮೇಲೆ ಕೊರೆದಿರುವ 17 ಅಕ್ಷರಗಳ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ನೋಂದಣಿ ಪತ್ರದೊಂದಿಗೆ ಒಂದೊಂದೇ ಅಕ್ಷರವಾಗಿ ಹೊಂದಿಸಿ ನೋಡಿ, ಕಾರಿನ ಮೇಲೆ ಸಾಲ ಬಾಕಿಯಿಲ್ಲ ಎಂಬ ಪತ್ರವನ್ನು ಪಡೆಯಿರಿ, ಎರಡನೆಯ ಕೀಲಿಯನ್ನು ಮರೆಯದೆ ಕೇಳಿ ತೆಗೆದುಕೊಳ್ಳಿ. ತಂದ ವಾರವೇ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ, ಆ ತಾರೀಖು ಮತ್ತು ಕಿ.ಮೀ.ಯನ್ನು ಅದೇ ಫೈಲಿನಲ್ಲಿ ಬರೆದಿಡಿ. ಇನ್ನು ಮುಂದಿನ ಲೆಕ್ಕ ನಿಮ್ಮದು. ಟೈರಿನ ಗಾಳಿಯನ್ನು ಚಾಲಕರ ಬಾಗಿಲಿನ ಚೌಕಟ್ಟಿನಲ್ಲಿ ಅಥವಾ ಪೆಟ್ರೋಲ್ ಮುಚ್ಚಳದ ಹಿಂದೆ ಬರೆದಿರುವ ಅಳತೆಗೇ ತುಂಬಿಸಿ. ಟೈರಿನ ಮೇಲೆಯೇ ಬರೆದಿರುವುದು ಅದು ತಾಳಬಲ್ಲ ಗರಿಷ್ಠ ಒತ್ತಡ, ಅದನ್ನು ಅನುಸರಿಸಬೇಡಿ.

ನಿಮ್ಮ ಕಾರು 2020ರದ್ದಾದ್ದರಿಂದ ಟೈಮಿಂಗ್ ಬೆಲ್ಟಿನ ಆರು ವರ್ಷದ ಗಡುವಿಗೆ ಇನ್ನೊಂದು ವರ್ಷವಷ್ಟೇ ಉಳಿದಿದೆ, ಅದಕ್ಕೆ ಈಗಿನಿಂದಲೇ ಹಣ ತೆಗೆದಿಡಿ. ಬೆಲ್ಟ್ ಬದಲಾಯಿಸುವಾಗ ಅದನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರನ್ನೂ, ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುವಂಥದ್ದಾಗಿದ್ದರೆ ಅದನ್ನೂ ಒಟ್ಟಿಗೇ ಹಾಕಿಸಿ. ಪಂಪು ಆಮೇಲೆ ಸೋರತೊಡಗಿದರೆ ಅಷ್ಟನ್ನೂ ಇನ್ನೊಮ್ಮೆ ಬಿಚ್ಚಬೇಕಾಗುತ್ತದೆ, ಕೂಲಿಯನ್ನು ಎರಡು ಸಲ ಕೊಡಬೇಕಾಗುತ್ತದೆ.